ನಿನ್ನ ಉಸಿರಿನ ಲೆಕ್ಕ ನೀನು ಹೇಳಬೇಡ

ಉಸಿರು ಸಿಗದವರನ್ನು ಕರೆದು ಓಡಿಸುವ ಊರಿಗೆ ಬಂದುಬಿಟ್ಟಿದ್ದೇನೆ. ಕೊಪ್ಪದ ಒಂದು ಶಟಲ್ ಕೋರ್ಟು, ಮೇಲೆ ತಗಡಿನ ಮಾಡು. ಹತ್ತು ವರ್ಷದ ಮಕ್ಕಳಿಂದ ಹಿಡಿದು ಇಪ್ಪತ್ತೈದರ ಆಸುಪಾಸಿನವರವರೆಗೆ ಒಂದಷ್ಟು ಜನ ಈ ಗೋಡೆಯಿಂದ ಆ ಗೋಡೆಗೆ ಬಿರಬಿರನೆ ನಡೆಯುತ್ತಿದ್ದಾರೆ. ಎಲ್ಲರೂ ಮಾತಾಡುತ್ತಿದ್ದಾರೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಒಬ್ಬ ಹುಡುಗ ಕೊಪ್ಪದಿಂದ ಶೃಂಗೇರಿಯವರೆಗಿನ ಬಸ್ ಸ್ಟಾಪುಗಳನ್ನು ಒಂದೊಂದಾಗಿ ಕೂಗುತ್ತಿದ್ದಾನೆ. ಒಬ್ಬಳು ನೀರುದೋಸೆ ಮಾಡುವ ಬಗೆಯನ್ನು ಗೋಡೆಗೆ ವಿವರಿಸುತ್ತಿದ್ದಾಳೆ. ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಬುಟ್ಟಿ, ಅದರ ತುಂಬ ಹೆಸರು ಬರೆದು ಅಂಟಿಸಿದ ನೀಲಿ ಪಂಪುಗಳು. ಅಷ್ಟೂ ಜನರಿಗೆ ನನ್ನದೇ ಕಾಯಿಲೆ, ಆಸ್ತಮಾ.

ನೋಡಿದ ಕೂಡಲೇ ಅನ್ನಿಸಿತು, ಇದರಲ್ಲಿ ಏನೋ ಮೋಸವಿದೆ.

ಕೂಡಲೇ ಅನ್ನಿಸಿತೋ ಆಮೇಲೋ, ಖಾತ್ರಿಯಿಲ್ಲ. ನನ್ನ ನೆನಪು ನನ್ನನ್ನು ಆ ಬಾಗಿಲಲ್ಲಿ ಬಹಳ ಹೊತ್ತು ನಿಲ್ಲಿಸಿ ತೋರಿಸುತ್ತದೆ. ಅಲ್ಲಿ ನನಗೆ ಮುಂದೆ ಜೋಡಿಯಾಗಿ ಸಿಕ್ಕ ಪಿಯುಸಿ ಹುಡುಗಿ ಪಲ್ಲವಿ ಹೇಳುವುದೇ ಬೇರೆ. ಮೊದಲ ದಿನ ನಾನು ಒಳಗೆ ಇಣುಕಿದವಳೇ ತಿರುಗಿ ಹೋಗಿದ್ದೆನಂತೆ. ಇಬ್ಬರಲ್ಲಿ ಒಬ್ಬರು ತಪ್ಪು. ಓದುವ ನೀವು ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ.

ನಾನು ಸಿಂದಗಿಯವಳು. ಹಿರೇಕೊಡಿಗೆಯಿಂದ ಆಚೆ, ಬಸ್ಸು ತಿರುಗಿಸುವ ಜಾಗದಲ್ಲಿರುವ ಒಂದು ಕೋಣೆಯ ಅಂಚೆ ಕಚೇರಿಯಲ್ಲಿ ಕಾಗದ ಹಂಚುವ ಕೆಲಸ ಸಿಕ್ಕಿತು. ಆದೇಶ ಬಂದ ದಿನ ನಮ್ಮ ಓಣಿಯವರೆಲ್ಲ ಸೇರಿ ನನ್ನ ಶ್ವಾಸಕೋಶಕ್ಕೆ ಅಭಿನಂದನೆ ಹೇಳಿದರು. "ಹಸಿರು ನಾಡು. ಅಲ್ಲೀ ಗಾಳಿ ಕುಡದ್ರ ನಿನ್ನ ದಮ್ಮು ತಾನ ಓಡಿ ಹೋಗತೈತಿ ನೋಡು ಭಾಗ್ಯಾ." ಅಲ್ಲಿ ಈ ಕಾಯಿಲೆಗೆ ದಮ್ಮು ಎನ್ನುತ್ತೇವೆ, ಸಂತೆಯಲ್ಲೂ ಕೂಗಿ ಹೇಳುತ್ತೇವೆ. ಇಲ್ಲಿಯ ಹೆಸರು ಉಬ್ಬಸ. ಆದರೆ ಅದನ್ನು ಯಾರೂ ಹೇಳುವುದಿಲ್ಲ, "ಅವಳದ್ದು ಸ್ವಲ್ಪ ಶೀತದ ಮೈ" ಎನ್ನುತ್ತಾರೆ. ಅಲ್ಲಿ ನನ್ನ ಕಾಯಿಲೆಗೆ ಒಂದು ಓಣಿಯಷ್ಟು ಜನ ಪಾಲುದಾರರಿದ್ದರು, ಇಲ್ಲಿ ನಾನೊಬ್ಬಳೇ.

ಹಸಿರು ಗಾಳಿ ಮಾಡಿದ್ದು ಇಷ್ಟು. ಬಂದ ಹೊಸದರಲ್ಲಿ, ಕಪಾಟಿನಲ್ಲಿಟ್ಟ ನನ್ನ ಒಳ್ಳೆಯ ಚಪ್ಪಲಿಯ ಮೇಲೆ ಬೂದುಬಣ್ಣದ ಕೂದಲು ಬೆಳೆಯಿತು. ನಮ್ಮ ಕಡೆ ಬೂಸರ ಹಿಡಿಯುವುದು ಉಳಿದ ರೊಟ್ಟಿಗೆ. ಇಲ್ಲಿ ಚಪ್ಪಲಿಗೆ, ಸೊಂಟದ ಬೆಲ್ಟಿಗೆ, ದೇವರ ಫೋಟೋದ ಚೌಕಟ್ಟಿಗೆ. ಅದರ ವಾಸನೆ ಎದೆಯೊಳಗೆ ಹೋಗಿ ಕುಳಿತಿತು. ಸಿಂದಗಿಯಲ್ಲಿ ನನಗೆ ದಮ್ಮು ಬರುತ್ತಿದ್ದುದು ಸುಗ್ಗಿಯ ದೂಳಿಗೆ, ವರ್ಷದಲ್ಲಿ ಒಂದು ಋತುವಿಗೆ. ಇಲ್ಲಿ ಅದಕ್ಕೆ ಋತುವೇ ಬೇಕಾಗಿರಲಿಲ್ಲ. ಕೊಪ್ಪದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಕಮಲಕ್ಕ ದಿನವೂ ಮಹಡಿಗೆ ಕಷಾಯ ಹೊತ್ತು ತಂದು, ನಾನು ಕುಡಿದು ಮುಗಿಸುವವರೆಗೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು.

"ಆ ಪಂಪ್ ಮಾತ್ರ ಅಭ್ಯಾಸ ಮಾಡ್ಕೋಬೇಡ ಮಾರಾಯ್ತಿ. ಒಂದ್ಸಲ ಹಿಡಿದ್ರೆ ಬಿಡದಿಲ್ಲಂತೆ."

"ಕಷಾಯ ಬಿಡತೈತೇನ್ರೀ ಅಕ್ಕಾ?"

"ಕಷಾಯಕ್ಕೆ ಎಂತ, ಅದು ಮನೆದು!"

ಪಂಪಿನ ಮೇಲೆ ಅವರಿಗೆ ಅನುಮಾನ, ಕಷಾಯದ ಮೇಲೆ ನನಗೆ. ಕೆಸುವಿನೆಲೆಯ ಪತ್ರೊಡೆ, ಕಳಲೆಯ ಪಲ್ಯ, ಎಲ್ಲದರ ಮೇಲೂ. ತಿಂದ ಸಂಜೆ ಎದೆ ಗುಯ್‌ಗುಟ್ಟಿದರೆ ಆ ದಿನದ ತಟ್ಟೆಯಲ್ಲಿದ್ದುದೆಲ್ಲ ಅಪರಾಧಿ. ಜೋಳದ ರೊಟ್ಟಿಯ ಮೇಲೆ ಮಾತ್ರ ನಾನು ಯಾವತ್ತೂ ಅನುಮಾನಪಟ್ಟವಳಲ್ಲ. ಅದಕ್ಕೆ ಕಾರಣ ಕೊಡಲು ಬರುವುದಿಲ್ಲ.

ತರಬೇತಿಗೆ ಕಳಿಸಿದ್ದು ಡಾಕ್ಟರು. ದಿನವೂ ಎರಡು ಹೊತ್ತು ಎಳೆದುಕೊಳ್ಳುವ ಒಂದು ಪಂಪು ಬರೆದರು. ದಮ್ಮು ಬಂದಾಗಿನ ನೀಲಿಯದು ಯಾವಾಗಲೂ ಜೊತೆಗಿರಬೇಕು ಎಂದರು. ಆಮೇಲೆ, "ಸಂಜೆ ವ್ಯಾಯಾಮದ ಕ್ಲಾಸಿಗೆ ಹೋಗಿ, ದುಡ್ಡು ತಗೊಳ್ಳಲ್ಲ" ಎಂದರು. ದುಡ್ಡು ತಗೊಳ್ಳಲ್ಲ ಎಂದರೆ ಏನೋ ಮಾರುತ್ತಾರೆ ಎಂದರ್ಥ. ಪ್ರೋಟೀನ್ ಪುಡಿಯೋ, ತಾಮ್ರದ ಚೊಂಬೋ, ಕೊನೆಗೆ ದೇವರೋ. ಕ್ಲಾಸು ನಡೆಸುವ ರೇಖಾ ಮೇಡಂ ಫಿಸಿಯೋಥೆರಪಿಸ್ಟ್, ಶೆಟ್ಟಿಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ಏನನ್ನೂ ಮಾರಲಿಲ್ಲ. ಅದರಿಂದ ನನ್ನ ಅನುಮಾನ ಹೆಚ್ಚಾಯಿತು.

"ಎಂತಕ್ಕೆ ಬಾಗ್ಲಲ್ಲೇ ನಿಂತಿದೀರ? ಒಳಗೆ ಬನ್ನಿ ಮಾರಾಯ್ತಿ. ನಾವೇನು ಹಿಡಿದು ತಿನ್ನದಿಲ್ಲ."

"ಓಡಿದ್ರ ದಮ್ಮು ಬರತೈತ್ರೀ ನನಗ."

"ಓಡಿ ಅಂದೋರು ಯಾರು? ಮೊದ್ಲು ನಡೀರಿ. ಮಾತಾಡ್ತಾ ನಡೀರಿ. ಮಾತು ಪೂರ್ತಿ ಬಂದ್ರೆ ಕಾಲು ಜೋರು ಮಾಡದು, ಮಾತು ತುಂಡಾದ್ರೆ ನಿಧಾನ ಮಾಡದು."

ಗೋಡೆಯ ಜೊತೆಗಿನ ಆ ಹರಟೆಯ ಗುಟ್ಟು ಇದಾಗಿತ್ತು. ಮೊದಲು ಮೈ ಬೆಚ್ಚಗಾಗುವವರೆಗೆ ನಿಧಾನದ ನಡಿಗೆ, ಆಮೇಲೆ ಬಿರುಸು, ಮತ್ತೆ ನಿಧಾನ. ಒಂದು ಮಣೆಯ ಮೇಲೆ ಹತ್ತುವುದು, ಇಳಿಯುವುದು. ಮುಗಿಸುವಾಗಲೂ ತಟ್ಟನೆ ನಿಲ್ಲುವಂತಿಲ್ಲ. ನೆಗಡಿ, ಕೆಮ್ಮು ಇದ್ದ ದಿನ ಬರುವಂತಿಲ್ಲ. ಪಂಪು ಬುಟ್ಟಿಗೆ ಹಾಕದೆ ಕಣಕ್ಕೆ ಇಳಿಯುವಂತಿಲ್ಲ. ನನ್ನದನ್ನು ನಾನು ಹಾಕಿದ್ದು ಬಾಯಿಯ ಭಾಗಕ್ಕೆ ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ. ಯಾರದೋ ಬಾಯಿ ತಾಗಿದ್ದು ನನ್ನ ಬಾಯಿಗೆ ಬಂದರೆ?

"ನಿಂಬೆಹಣ್ಣೂ ಒಂದು ಕಟ್ಟಬೇಕಿತ್ತು ಅಕ್ಕ, ದೃಷ್ಟಿಗೆ," ಎಂದಿತು ಹಿಂದಿನಿಂದ ಒಂದು ದನಿ. ಅದು ಪಲ್ಲವಿ. ಹಕ್ಲುಮನೆ ಎಂಬ ಗುಡ್ಡದ ಮೇಲಿನ ಕೇರಿಯಿಂದ ಕೊಪ್ಪದ ಕಾಲೇಜಿಗೆ ಬರುವವಳು. ಕಾಲೇಜಿನ ಥ್ರೋಬಾಲ್ ತಂಡಕ್ಕೆ ಸೇರಬೇಕು ಎಂಬುದು ಅವಳ ಆಸೆ.

ಸುತ್ತು ಮುಗಿದ ಮೇಲೆ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಉಸಿರು ಎಷ್ಟು ಕಷ್ಟವಾಯಿತು ಎಂದು. ಬೆರಳಿನಲ್ಲಿ ತೋರಿಸಬೇಕು. ಮುಷ್ಟಿ ಕಟ್ಟಿದರೆ ಏನೂ ಇಲ್ಲ, ಹತ್ತೂ ಬೆರಳು ಬಿಚ್ಚಿದರೆ ತಡೆಯಲಾಗದು. ಇಲ್ಲಿ ನಾನು ಒಂದು ವಿಚಿತ್ರ ಕಂಡೆ. ಈ ಮಲೆನಾಡಿನ ಮಕ್ಕಳು ಬೆರಳು ಬಿಚ್ಚುವುದೇ ಇಲ್ಲ. ಬೆವರು ಸುರಿಯುತ್ತಿದೆ, ಭುಜ ಮೇಲೆ ಕೆಳಗೆ ಆಗುತ್ತಿದೆ, ಕೈ ನೋಡಿದರೆ ಒಂದು ಬೆರಳು, ಹೆಚ್ಚೆಂದರೆ ಎರಡು. "ಎಂತ ಇಲ್ಲ ಮೇಡಂ, ಸ್ವಲ್ಪ." ಈ ಸೀಮೆಯಲ್ಲಿ ತನ್ನ ಕಷ್ಟವನ್ನು ಎದುರಿನವರ ಮುಂದೆ ಹರವುವುದು ಮರ್ಯಾದೆಯಲ್ಲ. ರಸ್ತೆಗೆ ಮರ ಬಿದ್ದು ಬಸ್ಸು ನಿಂತರೆ ಸ್ವಲ್ಪ ತೊಂದರೆ, ಕಾಲು ಮುರಿದರೆ ಸ್ವಲ್ಪ ಪೆಟ್ಟು. ನಾನೋ ಒಂದೇ ಸುತ್ತಿಗೆ ಒಂಬತ್ತು ಬೆರಳು ಎತ್ತುತ್ತಿದ್ದೆ. "ಸತ್ತ ಹೋದ್ನಿರೀ!" ಎನ್ನುತ್ತಿದ್ದೆ. ನಮ್ಮಲ್ಲಿ ಹಸಿವಾದರೂ ಸಾಯುತ್ತೇವೆ, ಹೊಟ್ಟೆ ತುಂಬಿದರೂ ಸಾಯುತ್ತೇವೆ.

ಮೇಡಂ ನನ್ನ ಒಂಬತ್ತನ್ನೂ ಪಲ್ಲವಿಯ ಎರಡನ್ನೂ ಒಂದಿಷ್ಟು ದಿನ ನೋಡಿದರು. ಆಮೇಲೆ ಒಂದು ಸಂಜೆ ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು.

"ಇನ್ನು ಮೇಲೆ ನಿಮ್ಮ ಉಸಿರಿನ ಲೆಕ್ಕ ನೀವು ಹೇಳೋ ಹಾಗಿಲ್ಲ. ಅವಳದ್ದು ನೀವು ಹೇಳದು, ನಿಮ್ಮದು ಅವಳು ಹೇಳದು."

"ಯಾಕ್ರೀ ಮೇಡಂ?"

"ಅವಳು ಮರ್ಯಾದಿಗೆ ಸುಳ್ಳು ಹೇಳ್ತಾಳೆ. ನಿಮಗೆ ಉಬ್ಬಸಕ್ಕಿಂತ ಮೊದ್ಲು ಹೆದರಿಕೆ ಬರ್ತದೆ, ನೀವು ಅದನ್ನೇ ಎಣಿಸ್ತೀರಿ. ಇಬ್ಬರ ಕೈಯೂ ನನಗೆ ಉಪಯೋಗ ಇಲ್ಲ."

ನನಗೆ ಸಿಟ್ಟು ಬಂತು. ಹೆದರಿಕೆಯಂತೆ! ಆ ರಾತ್ರಿ ಅಣ್ಣನಿಗೆ ಫೋನು ಮಾಡಿ ದೂರಿದೆ. ಬಾಲ್ಯದಲ್ಲಿ ನಾನು ಒಂದು ದಿನವೂ ಓಡಿದವಳಲ್ಲ, ಶಾಲೆಯ ಕ್ರೀಡಾದಿನಕ್ಕೆ ಬೇವಿನ ಮರದ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿರುತ್ತಿದ್ದೆ, ಅಂಥವಳಿಗೆ ಹೀಗನ್ನುವುದೇ ಎಂದೆ. ಅಣ್ಣ ನಕ್ಕ. "ಏನ್ ಹೇಳ್ತೀಯಬೇ, ಐದನೇತ್ತಾಗ ನೀ ಓಡಿದ್ದಿ. ಮೂರನೇ ನಂಬರ್ ಬಂದಿದ್ದಿ. ಸ್ಟೀಲ್ ಲೋಟ ಕೊಟ್ಟಿದ್ರು." ನನಗೆ ಲೋಟ ನೆನಪಿದೆ. ಓಟ ನೆನಪಿಲ್ಲ. ಬೇವಿನ ನೆರಳು ಇವತ್ತಿಗೂ ಅಂಗೈಯಲ್ಲಿದ್ದಷ್ಟು ನಿಚ್ಚಳ. ಅದನ್ನು ಯಾರು ಕಟ್ಟಿಕೊಟ್ಟರು ಎಂದು ಈಗ ಅನುಮಾನ. ಅಣ್ಣನ ಮೇಲೂ ಅನುಮಾನ, ಅವನಿಗೆ ತಂಗಿ ಗೆದ್ದಿರಬೇಕು ಅಷ್ಟೆ.

ಅಷ್ಟರಲ್ಲಿ ಕೆಲಸಕ್ಕೇ ಕುತ್ತು ಬಂತು. ಹಕ್ಲುಮನೆಯ ಕಾಗದಗಳನ್ನು ಅದುವರೆಗೆ ನಾನು ಮೇಲೆ ಒಯ್ದದ್ದೇ ಇಲ್ಲ. ಅಲ್ಲಿಂದ ಹಾಲು ಇಳಿಸುತ್ತಿದ್ದ ಜೀಪಿನವನ ಕೈಗೆ ಕೊಟ್ಟು ಬಿಡುತ್ತಿದ್ದೆ. ಅವನು ಜೀಪು ಮಾರಿದ. ಕಾಗದಗಳು ನನ್ನ ಮೇಜಿನ ಮೇಲೆ ಕೂತವು. ಹಕ್ಲುಮನೆಯವರು ಯಾರೂ ಜಗಳಕ್ಕೆ ಬರಲಿಲ್ಲ. "ಪರವಾಗಿಲ್ಲ, ನಾವೇ ಯಾವಾಗಾದ್ರೂ ಇಳೀತೇವೆ" ಎನ್ನುತ್ತಿದ್ದರು. ಆದರೂ ಮಾತು ಮೇಲಿನವರಿಗೆ ಮುಟ್ಟಿತು. ಬಂದ ಅಧಿಕಾರಿ ಬೈಯಲೂ ಇಲ್ಲ. "ಮನೆ ಬಾಗಿಲಿಗೆ ಒಯ್ಯುವುದಾದರೆ ಕೆಲಸ ನಿಮ್ಮದು. ಆಗದಿದ್ದರೆ ಹೇಳಿ, ಬೇರೆಯವರನ್ನು ನೋಡುತ್ತೇವೆ" ಎಂದರು. ಆಗುವುದಿಲ್ಲ ಎಂದರೆ ಸಿಂದಗಿಗೆ ವಾಪಸು, ಓಣಿಯ ಸಂತಾಪಕ್ಕೆ. ಆಗುತ್ತದೆ ಎಂದರೆ ಆ ಗುಡ್ಡ. ಒಂದಿಷ್ಟು ದಿನ ಕೊಡಿ, ಹತ್ತುತ್ತೇನೆ ಎಂದೆ. ಮುಂದಿನ ದಿನಗಳಲ್ಲಿ ಶಟಲ್ ಕೋರ್ಟಿನ ಮಣೆಯನ್ನು ಹತ್ತುವಾಗೆಲ್ಲ ನನಗೆ ಕಾಣುತ್ತಿದ್ದುದು ಅದೇ.

ಪಲ್ಲವಿ ನನ್ನ ಲೆಕ್ಕ ಹೇಳುವಾಗ ನಿಷ್ಕರುಣಿ. ನಾನು ಗೋಡೆ ಹಿಡಿದು ಕುಸಿಯುವ ಹೊತ್ತಿಗೆ ಅವಳು, "ಮೂರು ಮೇಡಂ. ಇನ್ನೂ ಬೈಯುವಷ್ಟು ಉಸಿರಿದೆ ಇವ್ರಿಗೆ" ಎನ್ನುತ್ತಿದ್ದಳು. ಹಾಗೆ ಅವಳ ಮೂರು, ನಾಲ್ಕುಗಳನ್ನು ನಂಬದೆಯೇ ನಾನು ಒಂದೊಂದು ಸುತ್ತು ಹೆಚ್ಚು ನಡೆದೆ. ಅವಳದ್ದನ್ನು ಹೇಳುವುದು ನನಗೆ ಸುಲಭವಾಗಿತ್ತು. ಅನುಮಾನದ ಕಣ್ಣು ನನಗೆ ಹುಟ್ಟಿನಿಂದ ಬಂದದ್ದು. ಅವಳ ಬಾಯಿಯ ಮಾತನ್ನು ಬಿಟ್ಟು ಕತ್ತಿನ ಗುಂಡಿಯನ್ನು ನೋಡುತ್ತಿದ್ದೆ. ಉಸಿರೆಳೆದಾಗ ಅದು ಒಳಕ್ಕೆ ಹೋದರೆ ನಗು ಸುಳ್ಳು.

ಮಳೆ ಹೋಗಿ, ಚಳಿಯೂ ಹಿಂದಾದ ಒಂದು ಶನಿವಾರ ನಾನು ಹಕ್ಲುಮನೆಯ ಕಾಗದಗಳನ್ನು ಚೀಲಕ್ಕೆ ಹಾಕಿ ಹೊರಟೆ. ಕಾಲೇಜು ಅರ್ಧ ದಿನಕ್ಕೆ ಬಿಟ್ಟಿತ್ತು. ಪಲ್ಲವಿಯೂ ಬಸ್ಸಿಳಿದು ಜೊತೆಯಾದಳು. ಕಟ್ಟಿನಲ್ಲಿ ಅವಳ ಅಜ್ಜಿಯ ಹೆಸರಿಗೊಂದು ರಿಜಿಸ್ಟರ್ಡ್ ಕಾಗದ, ಉಳಿದ ಮನೆಗಳವು ಐದಾರು. ಅರ್ಧ ದಾರಿಯವರೆಗೆ ಕ್ಲಾಸಿನಂತೆಯೇ ಹೋದೆವು, ಮಾತು, ನಡಿಗೆ, ಮಾತು. ನಾನು ಒಂಬತ್ತು ಎಂದು ಕೈ ಎತ್ತಿದೆ. "ನಾಲ್ಕು. ಸುಮ್ನೆ ಹತ್ತಿ ಅಕ್ಕ" ಎಂದಳು.

ತಿರುವಿನಲ್ಲಿ ಯಾರೋ ದಾರಿಬದಿಯ ದರಗು ಗುಡಿಸಿ ಬೆಂಕಿ ಹಾಕಿದ್ದರು. ಒಣಗಿದೆಲೆಗಳ ಹೊಗೆ ನೆಲ ಬಿಟ್ಟು ಏಳದೆ ರಸ್ತೆಯ ತುಂಬ ಮಲಗಿತ್ತು. ನಾನು ಸೆರಗಿನಲ್ಲಿ, ಅವಳು ವೇಲಿನಲ್ಲಿ ಮೂಗು ಮುಚ್ಚಿ ದಾಟಿದೆವು. ಆಚೆ ಬಂದ ಮೇಲೆ ಪಲ್ಲವಿ ಸುಮ್ಮನಾದಳು. ಈ ಹುಡುಗಿ ಸುಮ್ಮನಾಗುವವಳಲ್ಲ.

"ಏನಾತು?"

"ಎಂತ ಇಲ್ಲ. ಸ್ವಲ್ಪ." ಎರಡು ಬೆರಳು.

ಕತ್ತಿನ ಗುಂಡಿ ಒಳಕ್ಕೆ ಹೋಗಿತ್ತು.

"ಈ ಕಾಗದದ ವಿಳಾಸ ಓದು. ಪೂರ್ತಿ."

ಅಜ್ಜಿಯ ಹೆಸರು ಓದಿದಳು. ಊರಿನ ಹೆಸರಿಗೆ ಉಸಿರು ಉಳಿಯಲಿಲ್ಲ.

"ಎಂಟು," ಎಂದೆ. "ಪಂಪ್ ತಗಿ."

"ಮನೇಲಿ... ಕಪಾಟಲ್ಲಿ." ಅಕ್ಕನನ್ನು ನೋಡಲು ಶೃಂಗೇರಿಯ ಕಡೆಯಿಂದ ಗಂಡಿನವರು ಬರುವವರಿದ್ದರು. ಮನೆಯಲ್ಲಿ ಉಬ್ಬಸ ಇದೆ ಎಂದು ತಿಳಿಯಬಾರದು ಎಂದು ಅಜ್ಜಿ ಪಂಪನ್ನು ಚೀಲದಿಂದ ತೆಗೆದು ಒಳಗಿಟ್ಟಿದ್ದರು. ಇಷ್ಟನ್ನು ಅವಳು ತುಂಡು ತುಂಡಾಗಿ ಹೇಳಿದಳು. ಹೇಳುತ್ತಲೇ, "ಪರವಾಗಿಲ್ಲ" ಎಂದೂ ಸೇರಿಸಿದಳು.

ಕಲ್ಲಿನ ಮೇಲೆ ಕೂರಿಸಿದೆ. ಮುಂದಕ್ಕೆ ಬಾಗಿ ಮೊಣಕಾಲಿಗೆ ಕೈ ಊರಲು ಹೇಳಿದೆ. ನನ್ನ ಪಂಪಿನ ದಾರ ಬಿಚ್ಚಲು ಹೋದರೆ ಗಂಟು ಇನ್ನಷ್ಟು ಬಿಗಿಯಾಯಿತು. ಹಲ್ಲಿನಲ್ಲಿ ಕಚ್ಚಿ ಹರಿದೆ. ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯನ್ನು ಅವಳ ಬಾಯಿಗಿಟ್ಟು ಒತ್ತಿದೆ. ಎಳೆದುಕೊಂಡಳು. ತಡೆದು ಮತ್ತೆ ಒತ್ತಿದೆ. ಯಾರ ಬಾಯಿ ಯಾರದಕ್ಕೆ ತಾಗಿತು ಎಂದು ಆಗ ನೆನಪಾಗಲಿಲ್ಲ. ನೆನಪಾಯಿತೇನೋ, ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಗುಂಡಿ ಒಳಕ್ಕೆ ಹೋಗುವುದು ಕಡಿಮೆಯಾಯಿತು. ಅವಳು ಅಜ್ಜಿಯ ಹೆಸರು, ಊರು ಎರಡನ್ನೂ ಹೇಳಿದಳು.

ಅದೇ ಹೊತ್ತಿಗೆ ಮೇಲಿನಿಂದ ಬೈಕು ಇಳಿಯಿತು. ಅವಳ ಅಪ್ಪ ಗಣಪಣ್ಣ, ನೆಂಟರಿಗೆ ಹಾಲು ಸಾಲದೆ ಪೇಟೆಗೆ ಹೊರಟವರು. ಮಗಳನ್ನು ನೋಡಿ ಬೈಕು ನಿಲ್ಲಿಸಿದರು.

"ಪರವಾಗಿಲ್ಲಲ್ಲ?"

"ಪರವಾಗೈತ್ರೀ. ಕೊಪ್ಪದ ಆಸ್ಪತ್ರೆಗೆ ಕರಕೊಂಡು ಹೋಗ್ರಿ. ಈಗ್ಲೇ."

ಅವರು ಮಗಳನ್ನು ಹಿಂದೆ ಕೂರಿಸಿಕೊಳ್ಳುತ್ತ ಹೇಳಿದರು, "ಕಾಗದ ನನ್ನ ಕೈಲೇ ಕೊಟ್ಬಿಡಿ, ನೀವ್ಯಾಕೆ ಹತ್ತದು? ಇಳ್ಕೊಳ್ಳಿ." ಎಷ್ಟು ಒಳ್ಳೆಯ ಮಾತು! ಕೈ ಚೀಲದೊಳಗೆ ಹೋಗಿಯೂ ಇತ್ತು. ಅಲ್ಲೇ ಗೊತ್ತಾದದ್ದು, ನನ್ನ ಪಂಪು ಪಲ್ಲವಿಯ ಮುಷ್ಟಿಯಲ್ಲಿದೆ. ಅದನ್ನು ಕಿತ್ತುಕೊಳ್ಳುವಂತಿರಲಿಲ್ಲ. ಕೆಳಗಿಳಿದರೆ ಹೊಗೆಯನ್ನು ಮತ್ತೆ ದಾಟಬೇಕು, ನನ್ನ ಇನ್ನೊಂದು ನೀಲಿ ಪಂಪು ಕೊಪ್ಪದ ಕೋಣೆಯಲ್ಲಿ. ಮೇಲೆ ಹೋದರೆ ಅವಳದು ಕಪಾಟಿನಲ್ಲಿ. ಮನೆಯವರಿಗೆ ಸುದ್ದಿಯನ್ನೂ ಹೇಳಬೇಕು. ಕೈ ಹೊರಗೆ ತೆಗೆದೆ, ಬರಿಗೈ.

"ನೀವು ನಡೀರಿ," ಎಂದೆ.

ಬೈಕಿನ ಸದ್ದು ಹೋದ ಮೇಲೆ ಆ ಗುಡ್ಡದಲ್ಲಿ ನನ್ನ ಉಸಿರಿನ ಲೆಕ್ಕ ಹೇಳುವವರು ಯಾರೂ ಉಳಿಯಲಿಲ್ಲ. ಎದೆ ಬಿಗಿಯುತ್ತಿತ್ತು. ಅದು ದಮ್ಮೋ ಹೆದರಿಕೆಯೋ? ಒಂಬತ್ತೋ ನಾಲ್ಕೋ? ಕಾಗದಗಳನ್ನು ತೆಗೆದು ವಿಳಾಸಗಳನ್ನು ಜೋರಾಗಿ ಓದುತ್ತ ಹತ್ತಿದೆ. ಮಾತು ತುಂಡಾದಲ್ಲಿ ನಿಂತೆ, ಕೂಡಿಕೊಂಡ ಮೇಲೆ ನಡೆದೆ. ನನ್ನನ್ನು ನಾನು ನಂಬಲಿಲ್ಲ, ವಿಳಾಸಗಳನ್ನು ನಂಬಿದೆ. ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಗೇರುಮರದ ಹತ್ತಿರ ಒಂದು ನಾಯಿ ಜೊತೆಗೆ ಬಂತು ಎಂದು ನೆನಪು. ಹಕ್ಲುಮನೆಯಲ್ಲಿ ಕೇಳಿದರೆ, ಅಂಥ ನಾಯಿ ಅಲ್ಲಿ ಯಾರಲ್ಲೂ ಇಲ್ಲವಂತೆ.

ಜಗಲಿಯಲ್ಲಿ ಗಂಡಿನ ಕಡೆಯವರು ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಕುಳಿತಿದ್ದರು. ಅಜ್ಜಿ ಬಾಗಿಲಿಗೆ ಬಂದರು. ಅವರ ಮಾತಿನಲ್ಲಿ ಹುಡುಗಿ ಎಂದರೆ ಕೂಸು.

"ಪೋಸ್ಟಿನ ಕೂಸನೇ? ಬಾ, ಕೂತ್ಕ. ಬಾಯಾರಿಕೆಗೆ ಎಂತ ಕೊಡ್ಲಿ?"

ನೀರು, ಬೆಲ್ಲ ಬಂತು. ಅವರನ್ನು ಒಳಗೆ ಕರೆದು, ಅಡುಗೆಮನೆಯ ಬಾಗಿಲಲ್ಲಿ, ಆದಷ್ಟು ಮೆಲ್ಲಗೆ ಹೇಳಿದೆ.

"ಸ್ವಲ್ಪ ಶೀತ ಆಗಿಕ್ಕು," ಎಂದರು ಅಜ್ಜಿ, ಕಣ್ಣು ಜಗಲಿಯ ಮೇಲಿಟ್ಟು.

"ಸ್ವಲ್ಪ ಅಲ್ರೀ ಅಜ್ಜಿ, ಎಂಟು! ಭಾಳ ದಮ್ಮು ಬಂದಿತ್ತು. ಪಂಪ್ ಕೊಡ್ರಿ!"

ಮೆಲ್ಲಗೆ ಮಾತಾಡುವುದನ್ನು ನನಗೆ ಸಿಂದಗಿ ಕಲಿಸಿಲ್ಲ. ಜಗಲಿಯಲ್ಲಿ ತಟ್ಟೆಯ ಸದ್ದು ನಿಂತಿತು. ಅಜ್ಜಿ ಎಂಟು ಎಂದರೇನು ಎಂದು ಕೇಳಲಿಲ್ಲ. ಒಳಗೆ ಹೋಗಿ ಕಪಾಟಿನ ಬಾಗಿಲು ತೆಗೆದರು. ಸೆರಗಿನಲ್ಲಿ ಮುಚ್ಚಿ ತರುತ್ತಾರೆ ಎಂದುಕೊಂಡೆ. ಅಂಗೈ ಮೇಲೆ ತೆರೆದೇ ತಂದರು, ಜಗಲಿಗೆ ಕಾಣುವ ಹಾಗೆ. ನಾನು ಚೀಲಕ್ಕೆ ಹಾಕಲು ಹೋದಾಗ ಕೈ ಹಿಡಿದರು.

"ಅದು ಕೂಸಿಗೆ ಆತು. ನಿಂದು ಎಂತ? ನಿನ್ನೆದೆಯೂ ಕೂಗ್ತಾ ಇದ್ದು. ಮೊದ್ಲು ನೀ ತಗ."

ಆ ನೆಂಟರ ಮುಂದೆಯೇ ಪಲ್ಲವಿಯ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡೆ. ಆಮೇಲೆ ಉಳಿದ ಮನೆಗಳ ಕಾಗದ ಕೊಟ್ಟು ಇಳಿದೆ.

ಪಲ್ಲವಿ ಮಾರನೆಯ ವಾರ ಕ್ಲಾಸಿಗೆ ಬರಲಿಲ್ಲ, ಡಾಕ್ಟರು ಬೇಡ ಎಂದಿದ್ದರು. ಅದರ ಮುಂದಿನ ವಾರ ಬಂದಳು. ನನ್ನ ಪಂಪು ವಾಪಸು ಕೊಟ್ಟಳು, ಹೊಸ ದಾರ ಕಟ್ಟಿ, ಜೊತೆಗೊಂದು ನಿಂಬೆಹಣ್ಣು. ಅಕ್ಕನ ಸಂಬಂಧ ಏನಾಯಿತು ಎಂದು ಕೇಳಿದೆ. "ಎಂತ ಇಲ್ಲ. ಅವರಿಗೆ ಮನೆ ದೂರ ಆಯ್ತಂತೆ" ಎಂದಳು. ಈ 'ಎಂತ ಇಲ್ಲ'ದ ಕತ್ತಿನ ಗುಂಡಿ ಎಲ್ಲಿದೆ ಎಂದು ನನಗೆ ಇನ್ನೂ ಸಿಕ್ಕಿಲ್ಲ. ಅಜ್ಜಿ ನನಗೆ ಈಗಲೂ ಬೆಲ್ಲ ಕೊಡುತ್ತಾರೆ, ವಾರಕ್ಕೆರಡು ಸಲ. ಅಷ್ಟು ಸಲ ಹತ್ತುತ್ತೇನೆ. ಅಧಿಕಾರಿ ಬಂದು ಹೋದರು, ಏನೂ ಹೇಳಲಿಲ್ಲ. ಇಲ್ಲಿ ಅದನ್ನು ಹೊಗಳಿಕೆ ಎಂದು ತಿಳಿಯಬೇಕಂತೆ. ದಮ್ಮು ಹೋಗಿದೆಯೇ ಎಂದರೆ ಇಲ್ಲ. ಮೇಡಂ ಹೋಗುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ನಾನು ಅವರನ್ನು ನಂಬತೊಡಗಿದ್ದು ಅದಕ್ಕೇ ಇರಬೇಕು.

ರಜೆಗೆ ಸಿಂದಗಿಗೆ ಹೋಗಿದ್ದೆ. ಚಪ್ಪಟೆ ನೆಲ, ಎಲ್ಲಿ ನಿಂತರೂ ಎಲ್ಲರಿಗೂ ಕಾಣುತ್ತೇವೆ. ಬಸ್ಸಿಳಿದು ಮನೆಯವರೆಗೆ ನಡೆದೇ ಹೋದೆ, ಅಂಗಡಿಗಳ ಬೋರ್ಡು ಓದುತ್ತ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು.

"ದಮ್ಮು ಹೆಂಗೈತಿ? ಖರೇ ಹೇಳು."

"ನನ್ನ ಲೆಕ್ಕ ನಾ ಹೇಳಂಗಿಲ್ಲಬೇ. ಅದು ರೂಢಿ ತಪ್ಪೇತಿ. ನೀನ ಹೇಳು."

ಚಿಕ್ಕವಳಿದ್ದಾಗ ಅವ್ವ ಹೀಗೇ ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇವತ್ತು ಬರುತ್ತದೆ, ಇವತ್ತು ಬರುವುದಿಲ್ಲ ಎಂದು ಹೇಳುತ್ತಿದ್ದಳು. ಎಂದೂ ತಪ್ಪಿರಲಿಲ್ಲ, ಅಥವಾ ತಪ್ಪಿದ್ದು ನನಗೆ ನೆನಪಿಲ್ಲ. ಹಿಟ್ಟಿನ ಕೈಯನ್ನು ಒರೆಸಿಕೊಂಡು ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು. ಒಲೆಯ ಮೇಲೆ ರೊಟ್ಟಿ ಕರಕಲಾಗುವ ವಾಸನೆ ಬಂತು.

"ತಿಳೀವಲ್ದು," ಎಂದಳು. "ಮದಲಿನಂಗ ಇಲ್ಲ. ಅಲ್ಲಿ ಯಾರು ನೋಡ್ತಾರ ನಿಂದು?"

ಪಲ್ಲವಿ ಎಂದೆ.

ಅವ್ವ ಕೈ ತೆಗೆದಳು. ಹೋಗಿ ರೊಟ್ಟಿ ಮಗುಚಿದಳು. ಒರೆಸಿಕೊಂಡಿದ್ದರೂ ನನ್ನ ಬೆನ್ನಿನ ಮೇಲೆ ಐದು ಬೆರಳಿನ ಹಿಟ್ಟು ಉಳಿದಿತ್ತು ಎಂದು ನನ್ನ ನೆನಪು. ಕೊಪ್ಪಕ್ಕೆ ಬಂದು ಚೀಲ ಬಿಚ್ಚಿ ನೋಡಿದಾಗ ಆ ಕುಪ್ಪಸದ ಮೇಲೆ ಏನೂ ಇರಲಿಲ್ಲ.